ಅತ್ತೆ ಗೋಡೆಯ ಮೇಲೆ ಬರೆದಿದ್ದು

ಹಸುವಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹನ್ನೆರಡು ದಿನದಲ್ಲಿ ಗೊತ್ತಾದದ್ದು. ಫ್ಯಾನಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಫೈಬರಿನಿಂದ ಮಾಡಿದ ಹಸುವಿನ ಬೊಂಬೆಯನ್ನು ನೋಡಿಕೊಂಡು ಕಲಿತದ್ದು. ಆ ಹಸು ಒದೆಯುತ್ತಿರಲಿಲ್ಲ, ಸಗಣಿ ಹಾಕುತ್ತಿರಲಿಲ್ಲ, ಬಾಲ ಬೀಸಿ ಕಣ್ಣಿಗೆ ಬಾರಿಸುತ್ತಿರಲಿಲ್ಲ. ಹದಿಮೂರನೆಯ ದಿನ ಕೈಗೊಂದು ಪ್ರಮಾಣಪತ್ರ, ತಲೆಗೊಂದು ಟೋಪಿ ಕೊಟ್ಟು ಕಳಿಸಿದರು. ಟೋಪಿಯ ಮೇಲೆ ‘ಸುಧಾರಿತ ಹೈನುಗಾರಿಕೆ ಮಾರ್ಗದರ್ಶಕ’ ಎಂದಿತ್ತು. ಅಕ್ಷರ ಜಾಸ್ತಿಯಾಗಿ ‘ಕ’ ಕಿವಿಯ ಹಿಂದೆ ಹೋಗಿತ್ತು. ಮೊದಲು ನನಗೆ ಟೋಪಿ ಹಾಕಿದರು, ಬೇರೆಯವರಿಗೆ ಹಾಕುವ ನನ್ನ ಕೆಲಸ ಆಮೇಲೆ ಶುರುವಾಯಿತು.

ಬೆಳಿಗ್ಗೆ ಊರಿನ ಡೈರಿಯ ಕಿಟಕಿಯಲ್ಲಿ ಕೂತು ಹಾಲು ಅಳೆದು ಪರೀಕ್ಷೆ ಮಾಡಿ ತೊಟ್ಟಿಗೆ ಸುರಿಯಬೇಕು. ಮಧ್ಯಾಹ್ನ ಟೋಪಿ ಹಾಕಿಕೊಂಡು ಮನೆಮನೆಗೆ ಹೋಗಿ, ಹಸು ಸಾಕುವುದು ಹೇಗೆಂದು ಹಸು ಸಾಕುವವರಿಗೆ ಹೇಳಿಕೊಡಬೇಕು. ಕೆಲಸ ಖಾಯಂ ಅಲ್ಲ, ವರ್ಷಕ್ಕೊಮ್ಮೆ ಮುಂದುವರಿಸುತ್ತಾರೆ, ಅಥವಾ ಇಲ್ಲ.

ನಮ್ಮ ಸೋದರತ್ತೆಗೆ ಹಸುವಿನ ಬಗ್ಗೆ ಗೊತ್ತಿರುವುದು ಇಪ್ಪತ್ತೆಂಟು ವರ್ಷದಲ್ಲಿ ಗೊತ್ತಾದದ್ದು. ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದಾಗ ಯಜಮಾನನ ಹಸು ಕರು ಹಾಕಿ ಸತ್ತುಹೋಯಿತು. ಕರು ಉಳಿಯುವ ಹಾಗೆ ಕಾಣಲಿಲ್ಲ, ಎಲ್ಲಾದರೂ ಬಿಟ್ಟು ಬನ್ನಿ ಅಂದನಂತೆ. ಅತ್ತೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೇ ಬಂದಳು. ಪಕ್ಕದ ಮನೆಯಿಂದ ಹಾಲು ತಂದು, ತನ್ನ ಬೆರಳನ್ನು ಅದ್ದಿ ಅದ್ದಿ ಚೀಪಿಸಿ, ಹನ್ನೊಂದು ದಿನ ಅದರ ಪಕ್ಕದಲ್ಲೇ ಮಲಗಿದ್ದಳು. ‘ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಕೊಟ್ಟಿಗೇಲಿದ್ದಳು, ನಾನು ಒಳಗಿದ್ದೆ’ ಎಂದು ಮಾವ ಈಗಲೂ ಹೇಳುತ್ತಾರೆ. ಮಾವ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ನು.

ಆ ಕರುವಿನ ಮಗಳ ಮಕ್ಕಳೇ ಈಗಿನ ಮೂರು ಹಸು. ಹಿರೀದು, ಕಿರೀದು, ನಡುವಿನದಕ್ಕೆ ಮೂಗಿ ಎಂದು ಹೆಸರು. ಹಸಿವಾದರೂ ನೋವಾದರೂ ಒಂದು ದಿನವೂ ಕೂಗಿದ್ದಿಲ್ಲ. ಹಾಲು ಕೊಡುವುದರಲ್ಲಿ ಮೂಗಿಯೇ ಮುಂದು. ಅತ್ತೆಯ ಮಗಳ ಓದು, ಮದುವೆ, ಮನೆಯ ಹೆಂಚು, ಮಾವನ ಕಣ್ಣಿನ ಆಪರೇಷನ್, ಎಲ್ಲವೂ ಈ ಮೂರರ, ಇವುಗಳ ಅಮ್ಮನ, ಅಜ್ಜಿಯ ಕೆಚ್ಚಲಿನಿಂದಲೇ ಬಂದದ್ದು. ಅಂದರೆ ನನ್ನ ಆ ಕಿಟಕಿಯಿಂದ. ಸುತ್ತಮುತ್ತ ಬೇರೆ ಡೈರಿ ಇಲ್ಲ. ಆ ಕಿಟಕಿಯಲ್ಲಿ ಹಾಲು ತಗೊಳ್ಳಲಿಲ್ಲವೆಂದರೆ ಕರೆದ ಹಾಲನ್ನು ಏನು ಮಾಡಬೇಕೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಟೋಪಿ ಬಂದ ಮೊದಲ ತಿಂಗಳು ನಾನು ಅರವತ್ತೆರಡು ಮನೆ ಸುತ್ತಿದೆ. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ಏನೂ ಮಾಡಲಿಲ್ಲ. ಕರೆಯುವ ಮೊದಲು ಕೆಚ್ಚಲು ತೊಳೀರಿ ಅಂದರೆ, ‘ನಲ್ಲೀಲಿ ಮೂರು ದಿನಕ್ಕೊಂದು ಸಲ ನೀರು ಬರುತ್ತೆ. ನಾವು ಮುಖ ತೊಳ್ಕೋಬೇಕೋ ಬೇಡ್ವೋ, ಅದನ್ನೂ ಹೇಳಿಬಿಡು’ ಅಂದರು. ಹಸುವನ್ನು ಕಟ್ಟಬೇಡಿ, ಓಡಾಡಲು ಬಿಡಿ ಅಂದರೆ, ‘ಎಲ್ಲಿಗೆ ಬಿಡೋಣ, ನಿಮ್ಮ ಮನೆಗಾ?’ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಪುಸ್ತಕ ಬರೆದವರ ಮನೆಯಲ್ಲಿ ಜಾಗವೂ ಇತ್ತು, ನೀರೂ ಇತ್ತು, ಹಸು ಮಾತ್ರ ಇರಲಿಲ್ಲ.

ಆದರೆ ಮೇಲಿನವರಿಗೆ ಒಂದು ‘ಮಾದರಿ ಕೊಟ್ಟಿಗೆ’ ತೋರಿಸಬೇಕಿತ್ತು. ಇಲ್ಲದಿದ್ದರೆ ಟೋಪಿ ವಾಪಸ್. ಅತ್ತೆಯ ಮನೆಗೆ ಹೋಗಿ ಮುಖ ಸಣ್ಣದು ಮಾಡಿಕೊಂಡು ಕೂತೆ.

‘ಬಂದ್ರಪ್ಪ ಹಸುವಿನ ಮೇಷ್ಟ್ರು’ ಅಂದಳು ಅತ್ತೆ. ‘ಇವತ್ತೇನು ಪಾಠ? ಸಗಣಿ ಯಾವ ಕಡೆಯಿಂದ ಬರುತ್ತೆ ಅಂತಾನಾ?’

‘ಅತ್ತೆ, ನೀನೊಬ್ಬಳು ಮಾಡಿದ್ರೆ ನನ್ನ ಕೆಲಸ ಉಳಿಯುತ್ತೆ.’

ಅತ್ತೆ ಕೈಯಲ್ಲಿದ್ದ ಪೊರಕೆ ಬದಿಗಿಟ್ಟಳು. ‘ಒಂದು ಹೇಳು. ನಾನು ತೊಳೆದು ಒರೆಸಿ ತರ್ತೀನಿ. ಪಕ್ಕದ ಮನೆಯೋನು ಸಗಣಿ ಕೈಯಲ್ಲೇ ಕರೆದು ತರ್ತಾನೆ. ನೀನು ಎರಡನ್ನೂ ತಗೊಂಡು ಒಂದೇ ತೊಟ್ಟಿಗೆ ಸುರೀತೀಯ. ಹಾಗಾದ್ರೆ ನಾನು ತೊಳೆದಿದ್ದು ಎಲ್ಲಿ ಹೋಯ್ತೋ?’

ಇದಕ್ಕೆ ನನ್ನ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ‘ಎಲ್ಲರೂ ಸುಧಾರಿಸಿದ ಮೇಲೆ ಸರಿಹೋಗುತ್ತೆ ಅತ್ತೆ’ ಅಂದೆ.

‘ಅಲ್ಲೀವರೆಗೆ?’

‘ಅಲ್ಲೀವರೆಗೆ ನೀನು ಮಾದರಿ.’

‘ನೋಡ್ರೀ, ನಾನು ಮಾದರಿಯಂತೆ’ ಎಂದು ಒಳಗೆ ಕೂಗಿದಳು. ಮಷಿನ್ನು ನಿಂತಿತು. ‘ನನಗೆ ಮೊದಲೇ ಗೊತ್ತಿತ್ತು ಬಿಡು, ಇಂಥದ್ದು ಇನ್ನೊಂದು ಸಿಗಲ್ಲ ಅಂತ’ ಎಂದು ಮಾವನ ದನಿ ಬಂತು. ಮಷಿನ್ನು ಮತ್ತೆ ಶುರುವಾಯಿತು.

ಅತ್ತೆ ಒಪ್ಪಿಕೊಂಡಳೆಂದರೆ ಅರ್ಧಂಬರ್ಧ ಒಪ್ಪುವವಳಲ್ಲ. ಬೆಳಿಗ್ಗೆ ಅರ್ಧ ಗಂಟೆ ಮುಂಚೆಯೇ ಏಳತೊಡಗಿದಳು. ಮಂಡಿ ನೋವಿದ್ದರೂ ದೂರದ ಬಾವಿಯಿಂದ ಎರಡು ಕೊಡ ಹೆಚ್ಚು ಹೊತ್ತಳು. ಮಾವ ಅಂಗಿಯ ಒಳಬಟ್ಟೆಯ ಚೂರುಗಳನ್ನು ಅಂಚು ಹೊಲಿದು, ಮೂರು ಹಸುವಿಗೆ ಮೂರು ಬಣ್ಣದ ಒರೆಸುವ ಬಟ್ಟೆ ಮಾಡಿಕೊಟ್ಟರು. ‘ನನ್ನ ಮುಖ ಒರೆಸ್ಕೊಳ್ಳೋಕೆ ಇಷ್ಟು ಚೆನ್ನಾಗಿರೋದು ಕೊಟ್ಟಿಲ್ಲ’ ಎಂದು ಗೊಣಗುತ್ತಲೇ ಹೊಲಿದರು. ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಕರೆದು ಹಾಲು ಒಡೆದ ಗರಣೆ ಇದೆಯಾ ಎಂದು ನೋಡಬೇಕು ಅಂದಿದ್ದೆ, ದಿನವೂ ನೋಡಿದಳು. ಔಷಧಿ, ಸೂಜಿ, ಕರು, ಎಲ್ಲವನ್ನೂ ಬರೆದಿಡಬೇಕು ಅಂದಿದ್ದೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಪುಸ್ತಕ ಇಟ್ಟರೆ ಹಸು ತಿನ್ನುತ್ತದೆ ಎಂದು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು. ಮೇಲಿನವರು ಬಂದು ಆ ಗೋಡೆಯ ಫೋಟೋ ತೆಗೆದುಕೊಂಡು ಹೋದರು. ಫೋಟೋದಲ್ಲಿ ಗೋಡೆ ಇದೆ, ಟೋಪಿ ಹಾಕಿಕೊಂಡ ನಾನಿದ್ದೇನೆ, ಅತ್ತೆಯ ಮೊಣಕೈ ಕಾಣುತ್ತದೆ. ಆ ವರ್ಷ ನನ್ನನ್ನು ಮುಂದುವರಿಸಿದರು.

ಕೆಲವು ತಿಂಗಳ ಮೇಲೆ ಬಂದ ಪಾಠ ಕೆಚ್ಚಲು ಬಾವಿನದು. ಕೆಚ್ಚಲು ಬಾತು ಹಾಲು ಒಡೆಯುವ ರೋಗ. ಇದನ್ನು ನಾನು ಡೈರಿಯ ಹಿಂದಿನ ಕೋಣೆಯಲ್ಲಿ ಮಾಡಿದೆ. ಮೇಲಿನಿಂದ ಬಂದ ಚಾರ್ಟು ಒಂದಾಳುದ್ದ ಇತ್ತು. ನೇತು ಹಾಕುವ ಮೊಳೆ ಕೆಳಗಿತ್ತು. ಚಾರ್ಟು ನೆಲಕ್ಕೆ ತಾಗುತ್ತದೆಂದು ಕೆಳಗಿನ ಭಾಗವನ್ನು ಸುತ್ತಿ, ಎರಡು ಕಡೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿದೆ. ಕಾಣುವ ಭಾಗದಲ್ಲಿ ದೊಡ್ಡ ಕೆಚ್ಚಲು, ನಾಲ್ಕು ಮೊಲೆ. ಅದರಲ್ಲಿ ಒಂದು ಮಾತ್ರ ಕೆಂಪು, ಅದರ ಮೇಲೆ ಅಡ್ಡಗೀಟು. ನಾನು ಕೋಲು ಹಿಡಿದು ಆ ಕೆಂಪನ್ನು ಮುಟ್ಟಿ, ‘ಯಾವ ಮೊಲೆಗೆ ಟ್ಯೂಬಿನ ಔಷಧಿ ಬಿಟ್ಟಿದ್ದೀರೋ ಆ ಮೊಲೆಯ ಹಾಲನ್ನ ಎಂಟು ದಿನ ಡೈರಿಗೆ ಹಾಕಬಾರದು’ ಅಂದೆ.

‘ಆ ಒಂದೇನಾ?’ ಎಂದು ಕೇಳಿದ್ದು ಅತ್ತೆಯೇ.

‘ಆ ಒಂದೇ’ ಅಂದೆ. ಚಿತ್ರ ಹಾಗೇ ಇತ್ತಲ್ಲ. ಹಿಂದಿನ ಸಾಲಿನಲ್ಲಿದ್ದ ಸೂಜಿಯಣ್ಣ ಜೋರಾಗಿ ಆಕಳಿಸಿದ. ಅವನಿಗೆ ಹನ್ನೊಂದು ಹಸು. ತನ್ನದೇ ಸೂಜಿ ಇಟ್ಟುಕೊಂಡು ತಾನೇ ಚುಚ್ಚುತ್ತಾನೆ, ಅದಕ್ಕೇ ಊರು ಹಾಗೆ ಕರೆಯುವುದು. ‘ನಮ್ಮ ಹಸುಗಳಿಗೆ ರೋಗ ಬರೋದೇ ಇಲ್ಲಪ್ಪ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅತ್ತೆಯ ಕಪ್ಪು ಬಟ್ಟೆಯ ಮೇಲೆ ಮೂಗಿಯ ಹಾಲಿನಲ್ಲಿ ಗರಣೆ ಕಾಣಿಸಿತು. ಹಸು ಕೂಗುವುದಿಲ್ಲವಾದ್ದರಿಂದ, ಹಳೆಯ ಪದ್ಧತಿಯಲ್ಲಾಗಿದ್ದರೆ ಕೆಚ್ಚಲು ಕಲ್ಲಾದ ಮೇಲೇ ಗೊತ್ತಾಗುತ್ತಿತ್ತು. ಪಶುವೈದ್ಯರು ಮಾರನೆಯ ದಿನ ಬಂದು ಟ್ಯೂಬು ಬಿಟ್ಟು, ‘ಹಾಲಿನ ವಿಷಯ ನಿಮ್ಮ ಹುಡುಗನಿಗೆ ಗೊತ್ತಲ್ಲ’ ಎಂದು ಹೇಳಿ ಬೈಕ್ ಹತ್ತಿದರು. ಅವರಿಗೆ ಅವತ್ತು ಇನ್ನೂ ನಾಲ್ಕು ಊರಿತ್ತು. ಅತ್ತೆ ಗೋಡೆಯ ಮೇಲೆ ಬರೆದಳು: ‘ಮೂಗಿ. ಹಿಂದಿನ ಎಡ ಮೊಲೆ. ಟ್ಯೂಬು. ಎಂಟು ದಿನ ಚೆಲ್ಲು.’ ಕೆಳಗೆ ಎಂಟು ಗೀಟು ಎಳೆದು, ದಿನಕ್ಕೊಂದನ್ನು ಹೊಡೆದು ಹಾಕುತ್ತ ಬಂದಳು. ಹಿಂದಿನ ಎಡ ಮೊಲೆಯ ಹಾಲನ್ನು ಬೇರೆ ಚೊಂಬಿಗೆ ಕರೆದು ಗುಂಡಿಗೆ ಸುರಿದಳು. ಉಳಿದ ಮೂರರದ್ದನ್ನು ಕ್ಯಾನಿಗೆ ಹಾಕಿಕೊಂಡು ಡೈರಿಗೆ ತಂದಳು. ಕಿಟಕಿಯಲ್ಲಿ ನನಗೇ ಹೇಳಿದಳು: ‘ಎಡ ಹಿಂದಿನದು ಬಿಟ್ಟು ತಂದಿದ್ದೀನಪ್ಪ, ಮೇಷ್ಟ್ರೇ.’

‘ಶಭಾಷ್ ಅತ್ತೆ’ ಅಂದೆ. ತಗೊಂಡು ತೊಟ್ಟಿಗೆ ಸುರಿದೆ.

ಐದನೆಯ ದಿನ ನಮ್ಮ ತೊಟ್ಟಿಯ ಹಾಲನ್ನು ಪಟ್ಟಣದ ಹಾಲಿನ ಘಟಕದಲ್ಲಿ ತಿರಸ್ಕರಿಸಿದರು. ಔಷಧಿಯ ಅಂಶ ಸಿಕ್ಕಿದೆ, ಅಷ್ಟೂ ಹಾಲನ್ನು ಮೋರಿಗೆ ಬಿಟ್ಟಿದ್ದೇವೆ, ನಾಳೆ ಅಧಿಕಾರಿ ಬರುತ್ತಾರೆ ಎಂದು ಫೋನು ಬಂತು. ನಾನು ಹಿಂದಿನ ಕೋಣೆಗೆ ಹೋಗಿ ಚಾರ್ಟಿನ ಕ್ಲಿಪ್ಪು ತೆಗೆದೆ. ಸುತ್ತಿಟ್ಟ ಭಾಗ ಬಿಚ್ಚಿಕೊಂಡಿತು. ಅಲ್ಲಿ ಸಣ್ಣ ಅಕ್ಷರದಲ್ಲಿ, ಒಂದು ಮೊಲೆಗೆ ಬಿಟ್ಟ ಔಷಧಿ ರಕ್ತ ಸೇರಿ ಉಳಿದ ಮೊಲೆಗಳಿಗೂ ಹೋಗುತ್ತದೆ, ನಾಲ್ಕೂ ಮೊಲೆಯ ಹಾಲನ್ನು ಚೆಲ್ಲಬೇಕು ಎಂದು ಬರೆದಿತ್ತು. ಹನ್ನೆರಡು ದಿನದಲ್ಲಿ ಇದನ್ನೂ ಹೇಳಿಕೊಟ್ಟಿರಬೇಕು. ಬಹುಶಃ ನಾನು ಊಟದ ಸಾಲಿನಲ್ಲಿ ಮುಂದೆ ನಿಲ್ಲಲು ಬೇಗ ಎದ್ದು ಹೋದ ದಿನ.

ಅಧಿಕಾರಿ ಬಂದರು. ಕೆಟ್ಟ ಮನುಷ್ಯರಲ್ಲ. ಅವರ ಕೈಯಲ್ಲಿ ಒಂದು ಫಾರಂ ಇತ್ತು, ಅದರಲ್ಲಿ ‘ಕಾರಣ’ ಎಂಬ ಖಾಲಿ ಜಾಗ ಇತ್ತು, ಅದು ತುಂಬಬೇಕಿತ್ತು. ಹಿಂದಿನ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿ, ಈ ವಾರ ಯಾರ ಹಸುವಿಗೆ ಔಷಧಿ ಆಗಿದೆ, ಹೇಳಿ ಅಂದರು.

ಅರವತ್ತು ಜನ ನೆಲ ನೋಡಿದರು. ಸೂಜಿಯಣ್ಣ ಛಾವಣಿ ನೋಡಿದ. ಅವನ ತಿಪ್ಪೆಯ ಪಕ್ಕ ಖಾಲಿ ಔಷಧಿ ಸೀಸೆ ಬಿದ್ದಿದ್ದನ್ನು ನಾನು ಆ ವಾರವೇ ನೋಡಿದ್ದೆ. ಅವನೂ ನಾನು ನೋಡಿದ್ದನ್ನು ನೋಡಿದ್ದ.

‘ನಮ್ಮ ಹಸುವಿಗೆ ಆಗಿದೆ ಸ್ವಾಮಿ’ ಎಂದು ಅತ್ತೆ ಎದ್ದು ನಿಂತಳು. ತಪ್ಪೊಪ್ಪಿಗೆಯ ದನಿಯಲ್ಲ ಅದು. ಪರೀಕ್ಷೆಗೆ ಓದಿಕೊಂಡು ಬಂದವರ ದನಿ. ‘ಎಲ್ಲಾ ಬರೆದಿಟ್ಟಿದ್ದೀನಿ. ಬನ್ನಿ, ನೋಡಿ. ಹೇಗೆ ಮಾಡಬೇಕು ಅಂತ ಇವರೂ ನೋಡ್ಲಿ.’

ಊರಿಗೆ ಊರೇ ಅವಳ ಕೊಟ್ಟಿಗೆಗೆ ಹೋಯಿತು. ಅಧಿಕಾರಿ ಕನ್ನಡಕ ಹಾಕಿಕೊಂಡು ಗೋಡೆ ಓದಿದರು.

‘ಹಿಂದಿನ ಎಡ ಮೊಲೆಯ ಹಾಲು ಮಾತ್ರ ಚೆಲ್ಲಿದ್ದೀರಾ?’

‘ಒಂದು ಹನೀನೂ ಬಿಡದೆ.’

‘ಉಳಿದ ಮೂರು?’

‘ಡೈರಿಗೆ ಹಾಕಿದ್ದೀನಿ.’

ಅಧಿಕಾರಿ ಫಾರಂ ತೆಗೆದರು. ಬರೆಯುತ್ತಲೇ ಕೇಳಿದರು: ‘ನಾಲ್ಕೂ ಚೆಲ್ಲಬೇಕು ಅಂತ ಯಾರೂ ಹೇಳಲಿಲ್ವೇನಮ್ಮ?’

ಅತ್ತೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ನಾನು ಹೇಳುತ್ತೇನೆ ಎಂದುಕೊಂಡಿದ್ದಳು. ‘ಇವನು ಒಂದೇ ಅಂದ. ಚಿತ್ರದಲ್ಲೂ ಒಂದೇ ಇತ್ತು. ಕೆಳಗಡೆ ಮಡಿಸಿಕೊಂಡಿತ್ತು.’

‘ಹೌದೇನಪ್ಪಾ?’ ಅಂದರು ಅಧಿಕಾರಿ.

ಮುಂದಿನ ತಿಂಗಳು ನನ್ನ ವರ್ಷ ಮುಗಿಯುವುದಿತ್ತು. ‘ಪೂರ್ತಿ ಬಿಚ್ಚೇ ತೋರಿಸಿದ್ದೆ ಸಾರ್’ ಅಂದೆ. ‘ನಾಲ್ಕೂ ಅಂತ ಹೇಳಿದ್ದೆ.’

‘ನಾಲ್ಕು ಅಂತ ಹೇಳಿದ್ರೆ ನಾಲ್ಕು ಅಂತಾನೇ ಬರೀತಿದ್ದೆ’ ಅಂದಳು ಅತ್ತೆ. ‘ನನಗೇನು ಇದ್ದಿಲಿಗೆ ಬರವಾ?’

ಯಾರೋ ನಕ್ಕರು. ಅತ್ತೆ ಗುಂಪಿನ ಕಡೆ ತಿರುಗಿ, ‘ನೀವೂ ಇದ್ರಲ್ಲ ಅವತ್ತು, ಹೇಳ್ರೋ’ ಅಂದಳು. ಯಾರಿಗೂ ನೆನಪಿರಲಿಲ್ಲ. ನೆನಪಿದೆ ಎಂದರೆ ಅವರವರ ಕೊಟ್ಟಿಗೆಗೂ ಅಧಿಕಾರಿ ಬರುತ್ತಿದ್ದರು. ಮಾವ ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತು ಹಾಕಿಕೊಂಡೇ ಬಂದಿದ್ದರು. ‘ಅವನು ಹಾಗೆಲ್ಲ ಸುಳ್ಳು ಹೇಳೋ ಹುಡುಗ ಅಲ್ಲ, ನಿನಗೇ ಮರೆತಿರಬೇಕು’ ಎಂದು ಹೆಂಡತಿಗೆ ಮೆಲ್ಲಗೆ ಹೇಳಿದರು. ಅದು ನನಗೆ ಕೇಳಿಸಿತು. ಇವತ್ತಿಗೂ ಕೇಳಿಸುತ್ತಿದೆ.

ಅತ್ತೆಯ ಮನೆಯ ಹಾಲನ್ನು ಒಂದು ವರ್ಷ ತಗೊಳ್ಳಬಾರದು ಎಂದು ಆದೇಶವಾಯಿತು. ಮೂಗಿಯ ಮೂರು ಮೊಲೆಯ ಐದಾರು ಲೀಟರ್ ಹಾಲು ಸಾವಿರ ಲೀಟರಿನ ತೊಟ್ಟಿಯನ್ನು ಕೆಡಿಸಿತು ಎಂದು ನಾನು ಅವತ್ತೂ ನಂಬಿರಲಿಲ್ಲ. ಅಧಿಕಾರಿಯೂ ನಂಬಿರಲಿಕ್ಕಿಲ್ಲ. ಆದರೆ ಬರೆದಿಟ್ಟವರು ಊರಿಗೆ ಒಬ್ಬರೇ. ಬರೆದದ್ದು ಸಿಕ್ಕ ಮೇಲೆ ಬರೆಯದೆ ಇದ್ದದ್ದನ್ನು ಹುಡುಕುತ್ತ ಯಾರು ಕೂರುತ್ತಾರೆ?

ಮೂರನೆಯ ದಿನ ಡೈರಿಯ ಕಾರ್ಯದರ್ಶಿಯ ಮುಂದೆ ನಿಂತು, ‘ಚಾರ್ಟು ಮಡಿಸಿತ್ತು ಸಾರ್, ಅತ್ತೆ ಹೇಳಿದ್ದು ನಿಜ’ ಅಂದೆ.

‘ಗೊತ್ತು’ ಅಂದರು ಅವರು. ‘ಕ್ಲಿಪ್ಪು ನಮ್ಮ ಮನೇದೇ ಅಲ್ವೇನಯ್ಯಾ.’ ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. ‘ಬರೆದುಕೊಡು. ಇವತ್ತೇ ಮೇಲಕ್ಕೆ ಕಳಿಸ್ತೀನಿ. ನಿಮ್ಮತ್ತೆ ಒಳಗೆ ಬರ್ತಾರೆ, ನೀನು ಹೊರಗೆ ಹೋಗ್ತೀಯ. ಯೋಚನೆ ಮಾಡು, ನಾನೇನೂ ಒತ್ತಾಯ ಮಾಡಲ್ಲ.’

ಹಾಳೆ ತಗೊಂಡು ಮನೆಗೆ ಬಂದೆ. ‘ಮಾನ್ಯರೇ’ ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂತು. ಅಷ್ಟೇ ಬಂದದ್ದು. ಮುಂದಿನ ತಿಂಗಳು ನನ್ನನ್ನು ಮತ್ತೆ ಮುಂದುವರಿಸಿದರು. ಕಾರಣ ಪತ್ತೆಗೆ ಸಹಕರಿಸಿದ್ದಕ್ಕೆ ಮೆಚ್ಚುಗೆ ಎಂದು ಆದೇಶದಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು.

ಅತ್ತೆ ಮನೆಮನೆಗೆ ಹಾಲು ಹಾಕಲು ನೋಡಿದಳು. ಊರಲ್ಲಿ ಹಸು ಇದ್ದವರಿಗೆ ಹಾಲು ಬೇಕಿಲ್ಲ, ಇಲ್ಲದವರು ಪ್ಯಾಕೆಟ್ಟಿಗೆ ಒಗ್ಗಿಹೋಗಿದ್ದರು. ‘ನಿಮ್ಮದು ಔಷಧಿ ಹಾಲಂತಲ್ಲಮ್ಮ’ ಎಂದು ಒಬ್ಬಳು ಬಾಗಿಲಲ್ಲೇ ಅಂದಳಂತೆ. ಅವಳ ಕೈಯಲ್ಲಿದ್ದ ಪ್ಯಾಕೆಟ್ಟಿನಲ್ಲಿ ಸೂಜಿಯಣ್ಣನ ಹಾಲೂ ಇತ್ತು. ಬಸ್ ನಿಲ್ದಾಣದ ಟೀ ಅಂಗಡಿಯವನು ಎರಡು ಲೀಟರ್ ತಗೊಂಡ. ಉಳಿದದ್ದನ್ನು ಕರುಗಳು ಕುಡಿದವು, ಬೆಕ್ಕು ಕುಡಿಯಿತು, ಗುಂಡಿ ಕುಡಿಯಿತು. ಹಸುವಿಗೆ ಆದೇಶ ಗೊತ್ತಾಗುವುದಿಲ್ಲ, ಹೊತ್ತಿಗೆ ಸರಿಯಾಗಿ ಹಾಲು ಇಳಿಸುತ್ತದೆ. ಕರೆಯದೆ ಬಿಟ್ಟರೆ ಕೆಚ್ಚಲು ಕೆಡುತ್ತದೆ. ಚೆಲ್ಲುವುದಕ್ಕಾಗಿ ದಿನಕ್ಕೆರಡು ಸಲ ತೊಳೆದು, ಒರೆಸಿ ಕರೆಯುತ್ತಿದ್ದಳು ಅತ್ತೆ.

ನಾನು ಹೋದಾಗ ಅವಳು ಮೂಗಿಯ ಪಕ್ಕ ಕೂತಿದ್ದಳು.

‘ಏನು ಮೇಷ್ಟ್ರೇ, ಇವತ್ತು ಪಾಠ ಇಲ್ವಾ?’

‘ಅತ್ತೆ, ನಾನು...’

‘ನೀನು ಅವತ್ತು ಹೌದು ಅಂದಿದ್ರೆ ನಿನ್ನ ಕೆಲಸ ಹೋಗ್ತಿತ್ತು’ ಅಂದಳು, ಕರೆಯುವುದನ್ನು ನಿಲ್ಲಿಸದೆ. ‘ಹೋಗ್ಲಿ. ನಿನಗೆ ಇಪ್ಪತ್ತನಾಲ್ಕು ವರ್ಷ, ಓದಿದ್ದೀಯ, ಎಲ್ಲಾದ್ರೂ ಇನ್ನೊಂದು ಟೋಪಿ ಸಿಗ್ತಿತ್ತು. ನನಗೆ ಇದು ಬಿಟ್ರೆ ಏನು ಬರುತ್ತೆ ಹೇಳು?’

ನಾನು ಚೊಂಬನ್ನು ಅವಳ ಕೈಯ ಹತ್ತಿರಕ್ಕೆ ಸರಿಸಿದೆ.

‘ನಿನ್ನ ಮೇಲೆ ಸಿಟ್ಟಿಲ್ಲ ಅಂತ ಹೇಳಿಸ್ಕೊಳ್ಳೋಕೆ ಬಂದಿದ್ರೆ ಎದ್ದು ಹೋಗು. ಸಿಟ್ಟಿದೆ.’

ಆ ತಿಂಗಳ ಕೊನೆಗೆ ಮೂಗಿಯನ್ನೂ ಕಿರೀದನ್ನೂ ಮಾರಿದಳು. ಹಿರೀದು ಮುದಿಯಾಗಿತ್ತು, ಯಾರಿಗೂ ಬೇಕಿರಲಿಲ್ಲ, ಅದು ಉಳಿಯಿತು. ಈಗ ಮಾವನ ಮಷಿನ್ನಿನ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಾಳೆ. ಸೂಜಿಗೆ ದಾರ ಪೋಣಿಸಲು ಅವಳಿಗೆ ಕಣ್ಣು ಕಾಣುವುದಿಲ್ಲ, ಮಾವ ಪೋಣಿಸಿಕೊಡುತ್ತಾರೆ. ಊರಿನಲ್ಲಿ ಉಳಿದವರೂ ಪಾಠ ಕಲಿತಿದ್ದಾರೆ, ನಾನು ಹೇಳಿಕೊಟ್ಟದ್ದರಲ್ಲಿ ಎಲ್ಲರೂ ಪೂರ್ತಿ ಕಲಿತದ್ದು ಇದೊಂದೇ. ಈಗ ಒಂದು ಕೊಟ್ಟಿಗೆಯಲ್ಲೂ ಒಂದಕ್ಷರ ಬರಹ ಸಿಗುವುದಿಲ್ಲ.

ಮೂಗಿಯನ್ನು ಕೊಂಡವನು ಸೂಜಿಯಣ್ಣ.

ಹೋದ ವಾರ ಅವನು ಕಿಟಕಿಯಲ್ಲಿ ಕ್ಯಾನು ಇಟ್ಟಾಗ, ಹಾಲನ್ನು ಸೋಸುವ ಜಾಲರಿಯ ಮೇಲೆ ಬಿಳಿ ಗರಣೆ ನಿಂತಿತು.

‘ಮೂಗಿದಾ?’ ಅಂದೆ.

‘ಹನ್ನೆರಡು ಹಸು ಇವೆ ನಮ್ಮಲ್ಲಿ. ಯಾವುದು ಅಂತ ಹೇಗೆ ಹೇಳ್ಲಿ?’

‘ಔಷಧಿ ಏನಾದ್ರೂ ಕೊಟ್ಟಿದ್ದೀಯಾ ಅಣ್ಣ?’

ಅವನು ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ನನ್ನ ಮುಖವನ್ನೇ ನೋಡಿದ. ‘ಏನಿಲ್ಲಪ್ಪ. ಬೇಕಾದ್ರೆ ಬರೆದುಕೋ.’

ಅವನ ಹಿಂದೆ ಸಾಲು ಬೀದಿಯ ತಿರುವಿನವರೆಗೂ ಇತ್ತು. ಬೇಗ ಬೇಗ ಎಂದು ಯಾರೋ ಕೂಗಿದರು. ನಾನು ಜಾಲರಿಯನ್ನು ತೊಳೆದೆ, ಹಾಲು ಅಳೆದೆ, ‘ಸರಿ ಇದೆ’ ಎಂದು ಗುರುತು ಹಾಕಿದೆ, ತೊಟ್ಟಿಗೆ ಸುರಿದೆ.